ಸುಟ್ಟ ಗಾಯ ಮಾಗಿದ ಮೇಲೆ ಉಬ್ಬುವ ಕಲೆ: ಭೌತಚಿಕಿತ್ಸೆ ಏನು ಮಾಡಬಲ್ಲದು?

ಚಿತ್ರದುರ್ಗ: ಸುಟ್ಟ ಗಾಯ ಒಣಗಿ ಹೊಸ ಚರ್ಮ ಬಂದರೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಆಳವಾದ ಗಾಯದ ಮತ್ತೊಂದು ತೊಂದರೆ ಆರಂಭವಾಗುವುದೇ ರೋಗಿ ಆಸ್ಪತ್ರೆಯಿಂದ ಮನೆಗೆ ಮರಳಿದ ಒಂದೆರಡು ತಿಂಗಳಲ್ಲಿ. ಮಾಗಿದ ಜಾಗ ಕೆಂಪೇರಿ, ಗಟ್ಟಿಯಾಗಿ ಉಬ್ಬುತ್ತದೆ, ತುರಿಕೆ ನಿದ್ದೆಗೆಡಿಸುತ್ತದೆ. ಕುತ್ತಿಗೆ, ಕಂಕುಳು, ಮೊಣಕೈ, ಬೆರಳುಗಳ ಮೇಲಿನ ಕಲೆಯಾದರೆ ಚರ್ಮ ಸೆಳೆದು ಕೀಲೇ ಮಡಚಿಕೊಳ್ಳಬಹುದು.

ಒಲೆ, ಸ್ಟೌ, ಕುದಿಯುವ ನೀರಿನಿಂದ ಆಗುವ ಅವಘಡಗಳ ಜತೆಗೆ ಜಿಲ್ಲೆಗೆ ಹೆದ್ದಾರಿಯ ಅಪಾಯವೂ ಇದೆ. 2020ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ ಖಾಸಗಿ ಬಸ್ಸಿಗೆ ಬೆಂಕಿ ಹೊತ್ತಿಕೊಂಡು ಐವರು ಮೃತಪಟ್ಟರು. ಇಂಥ ದುರಂತಗಳಲ್ಲಿ ಮೃತರ ಸಂಖ್ಯೆ ಸುದ್ದಿಯಾಗುತ್ತದೆ. ಬದುಕುಳಿದವರ ಕೈಕಾಲು ಮುಂದೆ ಹೇಗಾದವೆಂಬುದು ಸುದ್ದಿಯಾಗುವುದು ಅಪರೂಪ.

ಮೂರು ವಾರದೊಳಗೆ ಮಾಗದ ಗಾಯದಲ್ಲಿ ಉಬ್ಬು ಕಲೆಯ ಸಂಭವ ಬಹಳ ಹೆಚ್ಚು. ಗಾಯವನ್ನು ಕೂಡಿಸುವ ಕೊಲಾಜೆನ್ ಎಂಬ ನಾರು ಅತಿಯಾಗಿ ಬೆಳೆಯುವುದೇ ಇದಕ್ಕೆ ಕಾರಣ. ಕೀಲಾಯ್ಡ್‌ನಂತೆ ಇದು ಗಾಯದ ಗಡಿ ದಾಟಿ ಹರಡುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದಲ್ಲಿ ಕೆಂಪು ಇಳಿದು ಕಲೆ ಪಕ್ವವಾಗುತ್ತದೆ. ಅದು ಇನ್ನೂ ಕೆಂಪಾಗಿರುವ ಅವಧಿಯೇ ಭೌತಚಿಕಿತ್ಸೆಗೆ ಸಕಾಲ.

ಎಲ್ಲಕ್ಕಿಂತ ಮುಖ್ಯವಾದುದಕ್ಕೆ ಹಣ ಬೇಕಿಲ್ಲ. ನೋವಿಗೆ ಹಿತವೆನಿಸುವ ಮಡಚಿದ ಭಂಗಿಯಲ್ಲೇ ಕೀಲು ಸೆಟೆದುಕೊಳ್ಳುತ್ತದೆ. ಆದ್ದರಿಂದ ಕುತ್ತಿಗೆಯ ಮುಂಭಾಗ ಸುಟ್ಟವರಿಗೆ ದಿಂಬು ಕೊಡಬಾರದು. ಕಂಕುಳು ಸುಟ್ಟವರ ತೋಳನ್ನು ದೇಹದಿಂದ ದೂರ ಚಾಚಿ ಇಡಬೇಕು. ರಾತ್ರಿ ಈ ಭಂಗಿ ಉಳಿಯಲು ಸ್ಪ್ಲಿಂಟ್ ಕಟ್ಟುತ್ತಾರೆ. ಹಗಲಲ್ಲಿ ಕಲೆ ಬಿಳಿಚುವಷ್ಟು ನಿಧಾನವಾಗಿ ಎಳೆದು ಹಿಡಿಯುವ ವ್ಯಾಯಾಮವನ್ನು ಹಲವು ಬಾರಿ ಮಾಡಬೇಕು. ಮಗು ಅತ್ತಿತೆಂದು ಬಿಟ್ಟುಬಿಡುವ ಅಜ್ಜಿಯರ ಮಮತೆ ಇಲ್ಲಿ ಮಗುವಿಗೇ ಮುಳುವಾಗುತ್ತದೆ.

ಚರ್ಮ ಪೂರ್ತಿ ಕೂಡಿದ ಮೇಲೆ ಮಾಲೀಸು ಆರಂಭಿಸಬಹುದು. ಬೆರಳ ತುದಿಯಿಂದ ಒತ್ತಿ, ಚಿಕ್ಕ ಸುತ್ತುಗಳಲ್ಲಿ ಐದರಿಂದ ಹತ್ತು ನಿಮಿಷ ತೀಡಬೇಕು. ಬರಿದೇ ಉಜ್ಜಿದರೆ ಎಳೆಯ ಚರ್ಮ ಬೊಬ್ಬೆಯೇಳುತ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆ ಮನೆಯಲ್ಲೇ ಸಿಗುವ ಕೊಬ್ಬರಿ ಎಣ್ಣೆ ಇದಕ್ಕೆ ಸಾಕು. ಹಸಿ ಗಾಯಕ್ಕೆ ಮಾತ್ರ ಅದನ್ನು ಸವರಬಾರದು.

ಸಿಲಿಕೋನ್ ಜೆಲ್ ಹಾಳೆಯನ್ನು ಕೆಲವು ಗಂಟೆಗಳಿಂದ ಆರಂಭಿಸಿ, ಕ್ರಮೇಣ ದಿನಕ್ಕೆ 12 ಗಂಟೆಗೂ ಹೆಚ್ಚು ಕಾಲ ಅಂಟಿಸಿಕೊಳ್ಳಬೇಕು. ಎಣ್ಣೆಯ ಜಿಡ್ಡಿದ್ದರೆ ಅದು ಅಂಟದು. ಅಳತೆಗೆ ಹೊಲಿಸುವ ಬಿಗಿ ಉಡುಪು, ಅಂದರೆ ಪ್ರೆಷರ್ ಗಾರ್ಮೆಂಟ್, 1970ರ ದಶಕದಿಂದ ವ್ಯಾಪಕವಾಗಿ ಬಳಕೆಯಲ್ಲಿದೆ. ಸ್ನಾನದ ಹೊತ್ತು ಬಿಟ್ಟು ದಿನಕ್ಕೆ ಸುಮಾರು 23 ಗಂಟೆ, ತಿಂಗಳುಗಟ್ಟಲೆ ಧರಿಸಬೇಕೆಂಬುದು ಸಾಮಾನ್ಯ ಸಲಹೆ. ಇದರಿಂದ ಆಗುವ ಲಾಭ ಎಷ್ಟೆಂಬ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಉಬ್ಬು ಸ್ವಲ್ಪ ತಗ್ಗುತ್ತದೆಂಬುದಕ್ಕೆ ಆಧಾರವಿದೆ. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಟ್ಟಿರುವುದು ಸುಲಭದ ಮಾತಲ್ಲ. ಎರಡು ಜತೆ ಇದ್ದರೆ ಒಂದನ್ನು ಒಗೆದು ನೆರಳಲ್ಲಿ ಒಣಗಿಸಬಹುದು. ಸಡಿಲವಾದ ಉಡುಪು ವ್ಯರ್ಥ. ಬೆಳೆಯುವ ಮಕ್ಕಳಿಗೆ ಆಗಾಗ ಹೊಸ ಅಳತೆ ತೆಗೆಸಬೇಕು.

ಸುಟ್ಟ ಗಾಯಗಳಿಗೇ ಮೀಸಲಾದ ದೊಡ್ಡ ಘಟಕ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿದ್ದು, ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ. ಕೂಲಿ ಬಿಟ್ಟು ಪದೇ ಪದೇ ಅಲ್ಲಿಗೆ ಹೋಗುವುದು ಹಳ್ಳಿಯವರಿಗೆ ಆಗದ ಮಾತು. ಆದ್ದರಿಂದ ಬಿಡುಗಡೆಗೆ ಮುನ್ನವೇ ವ್ಯಾಯಾಮಗಳನ್ನು ಮನೆಯವರೊಬ್ಬರು ಕೈಯಾರೆ ಕಲಿತು ಬರುವುದು ಲೇಸು. ಆಯುಷ್ಮಾನ್ ಭಾರತ್ ಪ್ಯಾಕೇಜ್ ಪಟ್ಟಿಯಲ್ಲಿ ಮಡಚಿಕೊಂಡ ಕೀಲನ್ನು ಬಿಡಿಸುವ ಶಸ್ತ್ರಚಿಕಿತ್ಸೆಯೊಂದಿಗೆ ಸ್ಪ್ಲಿಂಟ್, ಬಿಗಿ ಉಡುಪು, ಸಿಲಿಕೋನ್ ಹಾಳೆ, ಫಿಸಿಯೋಥೆರಪಿಯನ್ನೂ ಸೇರಿಸಲಾಗಿದೆ. ಕೀಲು ಮಡಚಿಕೊಳ್ಳುವ ಮೊದಲೇ ಇವು ದೊರೆತರೆ ಎಷ್ಟೋ ಮಂದಿಗೆ ಆ ಶಸ್ತ್ರಚಿಕಿತ್ಸೆಯೇ ಬೇಕಾಗದು.

ಕಲೆ ಬಿರುಕು ಬಿಟ್ಟು ಹುಣ್ಣಾದರೆ, ತೋಳು ಹಿಂದಿನ ವಾರ ಏರಿದಷ್ಟು ಎತ್ತರಕ್ಕೆ ಏರದಿದ್ದರೆ, ವೈದ್ಯರು ಕೊಟ್ಟ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.