ದೇವಿ ಹಾಕುವಿಕೆಯೂ ರೋಮಿನ ಧರ್ಮಪೀಠವೂ

ಹನ್ನೆರಡನೆಯ ಲಿಯೋ ಪೋಪರು ಸಿಡುಬಿಗೆ ದೇವಿ ಹಾಕುವುದನ್ನು ನಿಷೇಧಿಸಿದರೆಂಬ ಮಾತು ಯೂರೋಪಿನ ಹಲವು ಗ್ರಂಥಗಳಲ್ಲಿ ಒಂದರಿಂದೊಂದಕ್ಕೆ ಇಳಿದು ಬಂದಿರುವುದು. ಸಿಡುಬು ದೇವರ ದಂಡನೆಯೆಂದೂ ಅದನ್ನು ತಡೆಯುವವನು ದೈವಕ್ಕೆ ಇದಿರಾದವನೆಂದೂ ಅವರು ಸಾರಿದರಂತೆ. ಆದರೆ ಅಂತಹ ಆಜ್ಞಾಪತ್ರವನ್ನು ಈವರೆಗೆ ಯಾರೂ ತೋರಿಸಿಲ್ಲ. ಒಬ್ಬರು ಬರೆದುದನ್ನು ನೋಡಿ ಮತ್ತೊಬ್ಬರು ಬರೆದರು. ಮೂಲವನ್ನು ಅರಸುವ ಶ್ರಮವನ್ನು ಬಹುಜನರು ವಹಿಸಲಿಲ್ಲ.

ನಡೆದ ಸಂಗತಿಯೇ ಬೇರೆ. ಇಂಗ್ಲೆಂಡಿನ ಜೆನ್ನರ್ ವೈದ್ಯನು 1798ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆ ಗೋವಿನ ಬೊಕ್ಕೆಯ ರಸದ ಕೀರ್ತಿಯು ಎಲ್ಲೆಡೆ ಹಬ್ಬಿತು. ಏಳನೆಯ ಪಯಸ್ ಪೋಪರ ಮಂತ್ರಿಯಾದ ಕಾರ್ಡಿನಲ್ ಕೊನ್ಸಾಲ್ವಿಯು 1822ರಲ್ಲಿ, ಪೋಪರ ಸಂಸ್ಥಾನದಲ್ಲಿ ಎಲ್ಲರೂ ದೇವಿ ಹಾಕಿಸಿಕೊಳ್ಳತಕ್ಕುದೆಂದು ಶಾಸನ ಮಾಡಿದನು. 1824ರಲ್ಲಿ ಲಿಯೋ ಪೋಪರು ಈ ನಿರ್ಬಂಧವನ್ನು ತೆಗೆದರು. ಬೇಕೆಂದವರಿಗೆ ಹಣವಿಲ್ಲದೆ ಹಾಕುವ ಏರ್ಪಾಡನ್ನು ಮಾತ್ರ ಉಳಿಸಿದರು. ಮಾರಿಯ ಕಾಲದಲ್ಲಿ ಇದು ವಿವೇಕದ ಕಾರ್ಯವೆಂದು ಹೇಳಲಾಗದು. ಆದರೂ ಬಲವಂತವನ್ನು ಬಿಡುವುದು ಬೇರೆ, ನಿಷೇಧಿಸುವುದು ಬೇರೆ.

ಅಷ್ಟರಲ್ಲಿಯೇ ಮೈಸೂರು ಸೀಮೆಯಲ್ಲಿ ಅದೇ ಮತದ ಪಾದ್ರಿಯೊಬ್ಬರು ಊರೂರು ತಿರುಗಿ ದೇವಿ ಹಾಕಿಸಿದ್ದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇತ್ತ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ಈ ದೇಶದ ಉಡುಪು, ಶಾಕಾಹಾರಗಳನ್ನೇ ಅವಲಂಬಿಸಿದ್ದ ಇವರ ಪ್ರಯತ್ನದಿಂದ 25,000ಕ್ಕೂ ಮಿಕ್ಕ ಜನರಿಗೆ ದೇವಿ ಹಾಕಲ್ಪಟ್ಟಿತೆಂದು ಲೆಕ್ಕವುಂಟು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಇಪ್ಪತ್ತನೆಯ ಶತಮಾನದಲ್ಲಿ ಹೊಸದೊಂದು ಧರ್ಮಸಂಕಟವು ಒದಗಿತು. ರುಬೆಲ್ಲಾ ಮೊದಲಾದ ಕೆಲವು ರೋಗಗಳ ಲಸಿಕೆಗಳನ್ನು ಬೆಳೆಸಲು ಬಳಸಿದ ಜೀವಕೋಶಗಳು 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣಗಳಿಂದ ಬಂದವು. ಭ್ರೂಣಹತ್ಯೆಯನ್ನು ಮಹಾಪಾಪವೆಂದೆಣಿಸುವ ಕ್ಯಾಥೊಲಿಕ್ ತಾಯಿಯು ಅಂತಹ ಲಸಿಕೆಯನ್ನು ಮಗುವಿಗೆ ಹಾಕಿಸಬಹುದೆ? ಹಾಕಿಸದಿದ್ದರೆ ಗರ್ಭಿಣಿಯರಿಗೆ ರುಬೆಲ್ಲಾ ತಗುಲಿ ಗರ್ಭಸ್ಥ ಶಿಶುಗಳೇ ಕುರುಡು ಕಿವುಡಾಗಿ ಹುಟ್ಟುವ ಭಯ. ನಮ್ಮ ಧರ್ಮಶಾಸ್ತ್ರಜ್ಞರು ಕರ್ತೃ, ಪ್ರೇರಕ, ಅನುಮೋದಕರೆಂದು ಪಾಪದ ಪಾಲನ್ನು ವಿಂಗಡಿಸುವಂತೆ ರೋಮಿನ ಪಂಡಿತರೂ ಸಹಭಾಗಿತ್ವದ ದೂರ ಸಾಮೀಪ್ಯಗಳನ್ನು ತೂಗಿನೋಡಿದರು. ಬೇರೆ ಲಸಿಕೆಯು ದೊರೆಯದಿರುವಾಗ ಮಕ್ಕಳ ರಕ್ಷಣೆಗಾಗಿ ಇದನ್ನು ಬಳಸಬಹುದು, ಆದರೆ ದೋಷರಹಿತವಾದುದಕ್ಕಾಗಿ ಒತ್ತಾಯಿಸುತ್ತಿರಬೇಕು ಎಂದು 2005ರಲ್ಲಿ ಅಲ್ಲಿನ ಪರಿಷತ್ತೊಂದು ಅಭಿಪ್ರಾಯವಿತ್ತಿತು.

ಕೋವಿಡ್ ಪಿಡುಗಿನಲ್ಲಿ, 2020ರ ಡಿಸೆಂಬರ್ 21ರಂದು, ಫ್ರಾನ್ಸಿಸ್ ಪೋಪರ ಅನುಮತಿಯಿಂದ ಹೊರಟ ಪತ್ರವೂ ಈ ನ್ಯಾಯವನ್ನೇ ಹಿಡಿಯಿತು. ಲಸಿಕೆಯು ಸ್ವಇಚ್ಛೆಯದಾಗಿರಬೇಕೆಂದು ಅದು ಹೇಳಿತು. ಅಂತಃಸಾಕ್ಷಿಯ ಕಾರಣದಿಂದ ಬೇಡವೆಂದವನು ತನ್ನಿಂದ ಪರರಿಗೆ ರೋಗವು ತಗುಲದಂತೆ ಬೇರೆ ಉಪಾಯಗಳಿಂದ ಎಚ್ಚರವಹಿಸತಕ್ಕುದೆಂಬ ಭಾರವನ್ನೂ ಅವನ ಮೇಲೆಯೇ ಹೊರಿಸಿತು.