ಕದಡಿದ ನೀರಿನೊಳಗಿನ ಚಿತ್ರ

ಕದಡಿದ ನೀರನ್ನು ತಿಳಿಗೊಳಿಸಲು ನಮ್ಮ ಹಿರಿಯರು ಕತಕದ ಬೀಜವನ್ನು ಬಳಸುತ್ತಿದ್ದರು. ಮಡಕೆಯ ಒಳಮೈಗೆ ಆ ಬೀಜವನ್ನು ತೇಯ್ದು ನೀರು ತುಂಬಿಟ್ಟರೆ, ಕೆಸರು ಮೆಲ್ಲನೆ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಮಡಕೆಗೆ ಈ ಉಪಾಯ ಸಾಕು, ಹೊಳೆಗೆ ಸಾಲದು. ಕಕ್ಕಡ ತಿಂಗಳಲ್ಲಿ ಭಾಗಮಂಡಲದ ಸಂಗಮದ ಬಳಿ ನಿಂತು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಲಾ ಸಂಕ್ರಮಣದ ಹೊತ್ತಿಗೆ ಕನ್ನಡಿಯಂತಿರುವ ಕಾವೇರಿ ಆಗ ಹಾಲು ಬೆರೆಸಿದ ಕಾಫಿಯ ಬಣ್ಣ ತಾಳಿರುತ್ತಾಳೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಮ್ಮ ತೊರೆಗಳಲ್ಲಿ ಹರಿದದ್ದು ನೀರಲ್ಲ, ಕೆಂಪು ಮಣ್ಣೇ ಎನ್ನಬೇಕು.

ಇಂಥ ನೀರಿನೊಳಗೆ ಏನಿದೆ ಎಂಬುದನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಹಂಬಲ ಮನುಷ್ಯನಿಗೆ ಹೊಸತಲ್ಲ. ಛಾಯಾಚಿತ್ರ ಕಲೆ ಹುಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ, 1856ರಲ್ಲಿ, ವಿಲಿಯಂ ಥಾಂಪ್ಸನ್ ಎಂಬಾತ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆಯೊಳಗಿಟ್ಟು ಸಮುದ್ರಕ್ಕಿಳಿಸಿದನು. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಗಾಜಿನ ಫಲಕದ ಮೇಲೆ ಕಲ್ಲು ಮತ್ತು ಪಾಚಿಯ ಮಸುಕಾದ ನೆರಳು ಮೂಡಿತ್ತು. ನೀರಿನೊಳಗಿನ ಮೊದಲ ಚಿತ್ರವೇ ಮಬ್ಬಾಗಿತ್ತೆಂದರೆ, ಈ ಕಲೆಯ ಇತಿಹಾಸವೆಲ್ಲ ಆ ಮಬ್ಬಿನೊಡನೆ ನಡೆದ ಹೋರಾಟವೆಂದೇ ಹೇಳಬಹುದು.

1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ಎಂಬ ಪ್ರಾಣಿಶಾಸ್ತ್ರಜ್ಞನು ಮುಳುಗುಗಾರನ ಉಡುಪು ತೊಟ್ಟು ತಾನೇ ಸಮುದ್ರದ ತಳಕ್ಕಿಳಿದನು. ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಅಲ್ಲಾಡದೆ ಕಾಯಬೇಕಾಗುತ್ತಿತ್ತು. ನೀರು ಬೆಳಕನ್ನು ನುಂಗುತ್ತದೆ ಎಂದು ಕಂಡುಕೊಂಡ ಅವನು, ಬೆಳಕನ್ನು ಕೆಳಗೇ ಕೊಂಡೊಯ್ಯಬೇಕೆಂದು ನಿಶ್ಚಯಿಸಿ, ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ದೀಪವಿಟ್ಟು ಅದರಲ್ಲಿ ಮೆಗ್ನೀಸಿಯಂ ಪುಡಿಯನ್ನು ಉರಿಸಿದನು. 1926ರಲ್ಲಿ ಅಮೆರಿಕದ ಲಾಂಗ್ಲೆ ಮತ್ತು ಮಾರ್ಟಿನ್ ಎಂಬಿಬ್ಬರು ಫ್ಲಾರಿಡಾದ ಬಳಿ ನೀರಿನ ಮೇಲೆ ತೆಪ್ಪ ತೇಲಿಸಿ, ಅದರ ಮೇಲೆ ಅದೇ ಪುಡಿಯನ್ನು ಸಿಡಿಸಿ, ಮೀನಿನ ವರ್ಣಚಿತ್ರವನ್ನು ತೆಗೆದರು.

ಆದರೆ ಬೆಳಕು ಹೆಚ್ಚಿದ ಮಾತ್ರಕ್ಕೆ ಕದಡಿದ ನೀರು ಮಣಿಯುವುದಿಲ್ಲ. ಇದರ ಕಾರಣ ನಮ್ಮ ಮಡಿಕೇರಿಯ ಜೀಪು ಚಾಲಕರಿಗೆ ಚೆನ್ನಾಗಿ ಗೊತ್ತು. ದಟ್ಟ ಮಂಜಿನಲ್ಲಿ ದೊಡ್ಡ ದೀಪ ಹಾಕಿದರೆ ರಸ್ತೆ ಕಾಣಿಸುವುದರ ಬದಲು ಕಣ್ಣೆದುರಿಗೆ ಬಿಳಿಯ ಗೋಡೆ ಏಳುತ್ತದೆ. ಮಂಜಿನ ಹನಿಗಳು ದೀಪದ ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ಹೊಳೆಯೊಳಗೆ ಮಣ್ಣಿನ ಕಣಗಳು ಮಾಡುವುದೂ ಅದನ್ನೇ. ಆದುದರಿಂದಲೇ ಅನುಭವಿಗಳು ದೀಪವನ್ನು ಕ್ಯಾಮೆರಾದ ಪಕ್ಕಕ್ಕೆ ದೂರ ಸರಿಸಿ, ಕ್ಯಾಮೆರಾವನ್ನು ಮೀನಿಗೆ ಸಾಧ್ಯವಾದಷ್ಟು ಹತ್ತಿರ ಒಯ್ಯುತ್ತಾರೆ. ನಡುವೆ ನೀರು ಕಡಿಮೆಯಾದಷ್ಟೂ ಮಬ್ಬು ಕಡಿಮೆ. ಚಿತ್ರವನ್ನು ಆಮೇಲೆ ತಿದ್ದುವುದಕ್ಕಿಂತ ಇದು ಮೇಲಾದ ಚಿಕಿತ್ಸೆ.

ಮಂಜಿಗೂ ಕದಡಿದ ನೀರಿಗೂ ಇರುವ ಈ ನಂಟು ಬರಿಯ ಹೋಲಿಕೆಯಲ್ಲ. 1924ರಲ್ಲಿ ಜರ್ಮನಿಯ ಕೋಷ್ಮೀಡರ್ ಎಂಬ ವಿಜ್ಞಾನಿ ಮಂಜಿನಲ್ಲಿ ದೂರದ ವಸ್ತು ಹೇಗೆ ಮಾಸುತ್ತದೆಂಬುದನ್ನು ಲೆಕ್ಕಕ್ಕೆ ತಂದನು. ವಸ್ತುವಿನಿಂದ ಬರುವ ಬೆಳಕು ದಾರಿಯುದ್ದಕ್ಕೂ ಸವೆಯುತ್ತದೆ; ಅದರ ಮೇಲೆ ಮಂಜಿನದೇ ಬಿಳುಪು ಸೇರುತ್ತದೆ. ಒಂದು ನಷ್ಟ, ಇನ್ನೊಂದು ಬೆರಕೆ. ಮಬ್ಬಾದ ಚಿತ್ರವನ್ನು ತಿದ್ದುವುದೆಂದರೆ ಬೆರೆತದ್ದನ್ನು ಕಳೆದು, ಸವೆದದ್ದನ್ನು ತುಂಬಿಕೊಡುವುದು. ಹಿಂದಿನ ಕತ್ತಲೆಕೋಣೆಯ ಕೆಲಸಗಾರರು ಗಡುಸು ಜಾತಿಯ ಬ್ರೋಮೈಡ್ ಕಾಗದದ ಮೇಲೆ ಅಚ್ಚು ತೆಗೆದು ಕಪ್ಪು ಬಿಳುಪಿನ ಅಂತರವನ್ನು ಹೆಚ್ಚಿಸುತ್ತಿದ್ದರು. ಆದರೆ ಹತ್ತಿರದ ಕಲ್ಲಿಗೂ ದೂರದ ಮೀನಿಗೂ ಮಬ್ಬು ಒಂದೇ ಸಮನಾಗಿರದ ಕಾರಣ ಒಂದು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು.

ಇಲ್ಲಿ ನಮ್ಮ ನಾಡಿನಲ್ಲಿ ನೆಲೆಸಿದ್ದ ಮಹನೀಯರೊಬ್ಬರನ್ನು ನೆನೆಯಬೇಕು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂತಿರುಗುತ್ತಿದ್ದ ಸಿ. ವಿ. ರಾಮನ್ ಅವರ ಬಳಿ ನಿಕೋಲ್ ಪಟ್ಟಕವೊಂದಿತ್ತು. ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬ ಮಾತ್ರವೆಂಬುದು ಅಂದಿನ ಹಿರಿಯರ ಮತ. ರಾಮನ್ನರು ಆ ಪಟ್ಟಕದ ಮೂಲಕ ನೋಡಿ ನೀರಿನ ಮೇಲ್ಮೈಯ ಹೊಳಪನ್ನು ತಡೆದರು. ಹೊಳಪು ಹೋಯಿತು, ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ಸಾರಿದರು. ಆ ದಾರಿಯೇ ಅವರನ್ನು 1928ರ ಆವಿಷ್ಕಾರಕ್ಕೂ 1930ರ ನೊಬೆಲ್ ಬಹುಮಾನಕ್ಕೂ ಒಯ್ದಿತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು 1970ರಲ್ಲಿ ಅಲ್ಲಿಯೇ ಕಾಲವಾದರು. 2004ರಲ್ಲಿ ಇಸ್ರೇಲಿನ ಷೆಕ್ನರ್ ಮತ್ತು ಕಾರ್ಪೆಲ್ ಎಂಬವರು ಇದೇ ಬಗೆಯ ಶೋಧಕವನ್ನು ಕ್ಯಾಮೆರಾದ ಮುಂದಿಟ್ಟು, ಅದನ್ನು ತಿರುಗಿಸಿ ಎರಡು ಚಿತ್ರ ತೆಗೆದು, ಎರಡರ ವ್ಯತ್ಯಾಸದಿಂದ ನೀರಿನ ತೆರೆಯನ್ನು ಗಣಿಸಿ ಕಳೆದರು.

2009ರಲ್ಲಿ ಚೀನಾದ ಸಂಶೋಧಕರು ಮಂಜು ಕಳೆಯಲು ಒಂದೇ ಚಿತ್ರ ಸಾಕೆಂದು ತೋರಿಸಿದರು. ತಿಳಿ ಗಾಳಿಯಲ್ಲಿ ತೆಗೆದ ಚಿತ್ರದ ಯಾವ ಪುಟ್ಟ ಭಾಗವನ್ನು ನೋಡಿದರೂ, ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದಾದರೂ ಸಾಮಾನ್ಯವಾಗಿ ಬಹಳ ಕಪ್ಪಾಗಿರುತ್ತದೆ. ಹಾಗಿಲ್ಲದೆ ಮೂರೂ ಬೆಳ್ಳಗಿದ್ದರೆ ಆ ಬಿಳುಪು ಮಂಜಿನದು ಎಂದು ಅವರ ತರ್ಕ. 2019ರಲ್ಲಿ ಅಕ್ಕಯ್ನಾಕ್ ಮತ್ತು ತ್ರೈಬಿಟ್ಜ್ ಎಂಬ ಇಬ್ಬರು ವಿದುಷಿಯರು ಪ್ರತಿಯೊಂದು ವಸ್ತುವಿನ ದೂರವನ್ನೂ ಗಣನೆಗೆ ತಂದು, ಸಮುದ್ರದ ನೀರನ್ನೇ ಚಿತ್ರದಿಂದ ತೆಗೆದುಹಾಕಿದಂತೆ ಮಾಡುವ ಕ್ರಮವನ್ನು ಪ್ರಕಟಿಸಿದರು.

ಇದೆಲ್ಲ ಸಮುದ್ರದ ಮಾತಾಯಿತು. ನಮ್ಮ ಹೊಳೆಗೆ ಇದರಿಂದೇನು? ಇಲ್ಲಿಯೇ ಎಚ್ಚರ ಬೇಕು. ತಿಳಿಯಾದ ಸಮುದ್ರದಲ್ಲಿ ಮೊದಲು ಮಾಯವಾಗುವುದು ಕೆಂಪು. ಅದಕ್ಕೆಂದೇ ಅಲ್ಲಿಯ ಚಿತ್ರಗಳಿಗೆ ಕೆಂಪನ್ನು ತುಂಬುವ ರೂಢಿ. ಕಾಡಿನ ತರಗೆಲೆಯ ರಸವೂ ಮಣ್ಣೂ ಸೇರಿದ ಹೊಳೆಯ ನೀರಿನಲ್ಲಿ ಮೊದಲು ಸೋಲುವುದು ನೀಲಿ. ಅಲ್ಲಿಯ ಚಿತ್ರ ತಾನಾಗಿಯೇ ಹಳದಿ ಕಂದು. ಸಮುದ್ರದ ಔಷಧಿಯನ್ನು ಹೊಳೆಗೆ ಕುಡಿಸಿದರೆ ರೋಗ ಉಲ್ಬಣಿಸುತ್ತದೆ.

ಬಣ್ಣ ಸ್ವಲ್ಪ ಆಚೀಚೆಯಾದರೆ ನಷ್ಟವೇನೆಂದು ಕೇಳುವವರಿಗೆ ಕಾವೇರಿಯ ಮಹಶೀರ್ ಮೀನೇ ಉತ್ತರ. ಈ ನದಿಯ ಬಳಗದ ಗೂನುಬೆನ್ನಿನ ಮಹಶೀರ್ ಜಗತ್ಪ್ರಸಿದ್ಧವಾದುದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ನರ ಗಾಳಕ್ಕೆ ಸಿಕ್ಕ ಮೀನು 120 ಪೌಂಡು ತೂಗಿತು. ಇಷ್ಟು ಹೆಸರಾದ ಮೀನಿನ ಶಾಸ್ತ್ರೀಯ ನಾಮಧೇಯ ಇತ್ಯರ್ಥವಾದದ್ದು ಮಾತ್ರ 2018ರಲ್ಲಿ. ಅದು ಟಾರ್ ರೆಮಾದೇವಿ ಎಂದು ನಿಶ್ಚಯವಾಯಿತು. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವು ಒಂದು ಕಡೆಯ ಕಾರಣಗಳು. ಇನ್ನೊಂದು ಕಡೆ, ಲೋಣಾವಳದಲ್ಲಿ ಸಾಕಿ ಬೆಳೆಸಿದ ಬೇರೊಂದು ಮಹಶೀರಿನ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಟ್ಟರು, ಅವು ಹೆಚ್ಚಿದವು. ಹೊಳೆಯ ಮೂಲ ನಿವಾಸಿಯ ರೆಕ್ಕೆ ಕಿತ್ತಳೆ ಛಾಯೆಯದು. ಹೊರಗಿನಿಂದ ಬಂದುದರದು ನೀಲಿ ಛಾಯೆ. ದೂರದಿಂದ ನೋಡುವವನಿಗೆ ಬೆನ್ನಿನ ಗೂನಿನೊಡನೆ ಇದೂ ಒಂದು ದೊಡ್ಡ ಗುರುತು.

ಈಗ ಯೋಚಿಸಿರಿ. ಕಂದು ನೀರಿನಲ್ಲಿ ಯಾವ ರೆಕ್ಕೆಯಾದರೂ ಕಿತ್ತಳೆಯಂತೆ ಕಾಣಬಹುದು. ಚಿತ್ರವನ್ನು ಚೆಂದಗಾಣಿಸುವವನು ನೀಲಿಯನ್ನು ಧಾರಾಳವಾಗಿ ಸುರಿದರೆ ನಿಜವಾದ ಕಿತ್ತಳೆ ರೆಕ್ಕೆಯೂ ನೀಲಿಗೆ ತಿರುಗಬಹುದು. ಒಂದು ಬೆರಳಿನ ಚಲನೆಯಿಂದ ಇಲ್ಲದ ಮೀನು ಹುಟ್ಟುತ್ತದೆ, ಇರುವ ಮೀನು ಸಾಯುತ್ತದೆ. ಹೀಗಾಗದಂತೆ ತಡೆಯಲು ಸುಲಭವಾದ ದಾರಿಯೊಂದಿದೆ. ಬೂದು ಮತ್ತು ಬಿಳಿ ಬಣ್ಣದ ಸಣ್ಣ ಹಲಗೆಯೊಂದನ್ನು ಅದೇ ನೀರಿನಲ್ಲಿ, ಮೀನಿನಷ್ಟೇ ದೂರದಲ್ಲಿಟ್ಟು ಚಿತ್ರ ತೆಗೆಯಬೇಕು. ಆ ಹಲಗೆ ಬೂದಾಗಿ ಕಾಣುವಷ್ಟು ಮಾತ್ರ ಬಣ್ಣ ತಿದ್ದಬೇಕು. ಮೂಲಚಿತ್ರವನ್ನು ಎಂದಿಗೂ ಅಳಿಸಬಾರದು. ಏನು ತಿದ್ದಿದೆವೆಂಬುದನ್ನು ಬರೆದಿಡಬೇಕು. ಫಲಕವನ್ನು ಮುಟ್ಟದೇ ಇದ್ದ ಬೆಳಕನ್ನು ಯಾವ ಯಂತ್ರವೂ ಮರಳಿ ತರಲಾರದು. ಬಲವಂತ ಮಾಡಿದರೆ ಮೀನಿನ ಬದಲು ಚುಕ್ಕೆಗಳಷ್ಟೇ ಏಳುತ್ತವೆ.

ಹಳೆಯ ಓಲೆಗರಿಗಳನ್ನು ಪರಿಷ್ಕರಿಸುವವರಿಗೆ ಈ ಧರ್ಮ ಪರಿಚಿತವಾದುದು. ಲಿಪಿಕಾರನ ಕೈತಪ್ಪನ್ನು ತಿದ್ದಬಹುದು, ಹುಳು ತಿಂದ ಕಡೆ ಜಾಗ ಬಿಡಬಹುದು; ತನ್ನ ಪದ್ಯವನ್ನು ಕವಿಯ ಹೆಸರಿನಲ್ಲಿ ಸೇರಿಸಿದರೆ ಅದು ಪ್ರಕ್ಷಿಪ್ತ. ಹೊಳೆಯ ಚಿತ್ರಕ್ಕೂ ಅದೇ ನಿಯಮ. ಕತಕದ ಬೀಜ ನೀರಿಗೆ ಹೊಸ ಬಣ್ಣ ಹಚ್ಚುವುದಿಲ್ಲ. ಕೆಸರನ್ನು ಕೆಳಗಿಳಿಸಿ, ಇದ್ದ ನೀರನ್ನು ಇದ್ದಂತೆ ತೋರಿಸುತ್ತದೆ. ಚಿತ್ರ ತಿದ್ದುವವರ ಕೈಯೂ ಹಾಗಿದ್ದರೆ, ಮುಂದಿನ ತಲೆಮಾರಿನವರು ನಮ್ಮ ಕಾವೇರಿಯಲ್ಲಿ ಯಾವ ಮೀನು ಇತ್ತೆಂಬುದನ್ನು ನಂಬಿ ಓದಬಲ್ಲರು.