ಹಫೀತ್ ಬೆಟ್ಟದ ಗೋರಿಗಳೂ ನಿಧಿ ಹುಡುಕುವ ಆಟವೂ

ನಮ್ಮ ಕಡೆ ನಿಧಿ ಎಂದರೆ ಅದಕ್ಕೊಂದು ಸರ್ಪಕಾವಲು ಇರಲೇಬೇಕು. ಹಾಳುಗುಡಿ, ಕೋಟೆಯ ಬುರುಜು, ಊರಾಚೆಯ ದೊಡ್ಡ ಬಂಡೆ - ಇವುಗಳ ಕೆಳಗೆ ಕೊಪ್ಪರಿಗೆ ಹೊನ್ನಿದೆ ಎಂಬ ಮಾತು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಆ ಮಾತನ್ನು ನಂಬಿ ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಹೊರಟವರು ಎಷ್ಟೋ ಗುಡಿಗಳ ಗರ್ಭಗೃಹವನ್ನೇ ಅಗೆದು ಹಾಕಿದ್ದಾರೆ. ಈಗ ನಮ್ಮ ಮಕ್ಕಳು ಗುದ್ದಲಿಯ ಬದಲು ಮೊಬೈಲ್ ಫೋನ್ ಹಿಡಿದು ನಿಧಿ ಹುಡುಕುತ್ತಾರೆ. ಈ ಆಟಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಇಲ್ಲಿ ಕ್ಯಾಷ್ ಎಂದರೆ ದುಡ್ಡಲ್ಲ. ಅಡಗಿಸಿಟ್ಟದ್ದು ಎಂಬ ಅರ್ಥದ, ಫ್ರೆಂಚ್ ಮೂಲದ ಪದ.

ಈ ಚಳಿಗಾಲದ ವಿಹಾರಕ್ಕೆ ಅಲ್ ಐನ್ ಬಳಿಯ ಜಬಲ್ ಹಫೀತ್‌ಗೆ ಹೋಗೋಣ, ಅಲ್ಲಿನ ಪ್ರಾಚೀನ ಗೋರಿಗಳ ದಾರಿಯಲ್ಲಿ ಮಕ್ಕಳಿಗಾಗಿ ಡಬ್ಬಿಗಳನ್ನು ಅಡಗಿಸಿಡೋಣ ಎಂಬ ಸಲಹೆ ಕೆಲವು ಸದಸ್ಯರಿಂದ ಬಂದಿದೆ. ಸಲಹೆಯ ಮೊದಲರ್ಧ ಬಹಳ ಒಳ್ಳೆಯದು. ಎರಡನೆಯ ಅರ್ಧವನ್ನು ತೀರ್ಮಾನಿಸುವ ಮುನ್ನ ಆ ಆಟದ ಹಾಗೂ ಆ ಬೆಟ್ಟದ ಇತಿಹಾಸ ಎಲ್ಲರಿಗೂ ಸ್ವಲ್ಪ ತಿಳಿದಿರಲಿ ಎಂದು ಈ ಲೇಖನ.

ಆಟ ಹುಟ್ಟಿದ ಬಗೆ

ಇಂಥ ಆಟದ ಹಳೆಯ ರೂಪ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನದು. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕ ಕ್ರಾನ್‌ಮಿಯರ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ಅದರಲ್ಲಿ ತಮ್ಮ ವಿಸಿಟಿಂಗ್ ಕಾರ್ಡ್ ಹಾಕಿ ಹೋಗುತ್ತಿದ್ದರು.

ಹೊಸ ರೂಪಕ್ಕೆ ಕಾರಣ ಆಕಾಶದ ಉಪಗ್ರಹಗಳು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಪೈಕಿ ನಾಲ್ಕರ ಸಂಕೇತ ಸಿಕ್ಕರೆ ನಾವು ನಿಂತ ಜಾಗವನ್ನು ಲೆಕ್ಕ ಹಾಕಬಹುದು. ಅಮೆರಿಕದ ಸೈನ್ಯ ತನ್ನ ಭದ್ರತೆಗಾಗಿ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಲೆಕ್ಕ ನೂರು ಮೀಟರ್‌ವರೆಗೂ ತಪ್ಪುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಆ ದೋಷವನ್ನು ತೆಗೆದುಹಾಕಿದರು. ಮೇ 3ರಂದೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸಿದರು. ಬಕೆಟ್ಟಿನಲ್ಲಿದ್ದದ್ದು ಹೊನ್ನಲ್ಲ: ಒಂದು ನೋಟ್‌ಬುಕ್, ಪೆನ್ಸಿಲ್, ಪುಸ್ತಕ, ಒಂದು ಡಬ್ಬಿ ಬೀನ್ಸ್! ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಹೆಸರು ಬರೆಯಿರಿ - ಇಷ್ಟೇ ನಿಯಮ. ಇಂದು ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಅಡಗುತಾಣಗಳಿವೆ, ಅಂಟಾರ್ಕ್ಟಿಕಾವನ್ನೂ ಬಿಟ್ಟಿಲ್ಲ.

ಐದು ಸಾವಿರ ವರ್ಷಗಳ ನೆರೆಹೊರೆ

ಇನ್ನು ಹಫೀತ್‌ಗೆ ಬರೋಣ. ಸಾವಿರದ ಇನ್ನೂರು ಮೀಟರಿಗೂ ಮಿಕ್ಕಿದ ಈ ಸುಣ್ಣಕಲ್ಲಿನ ಬೆಟ್ಟ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಬಂಡೆಗಳಲ್ಲಿ ಇಂದಿಗೂ ಸಮುದ್ರಜೀವಿಗಳ ಅಚ್ಚುಗಳು ಕಾಣುತ್ತವೆ. ಇಲ್ಲಿ ತಾಹ್ರ್ ಎಂಬ ಕಾಡುಮೇಕೆ ಇದೆ. 35 ವರ್ಷಗಳಿಂದ ಕಾಣದಿದ್ದ ಕ್ಯಾರಕಲ್ ಎಂಬ ಕಾಡುಬೆಕ್ಕು 2019ರಲ್ಲಿ ಅಧಿಕಾರಿಗಳು ಇಟ್ಟಿದ್ದ ಕ್ಯಾಮರಾಕ್ಕೆ ಸಿಕ್ಕಿತು.

ಬೆಟ್ಟದ ಪೂರ್ವದ ತಪ್ಪಲಿನಲ್ಲಿ, ಮೆಜ್ಯದ್ ಕಡೆಗೆ, ಬೋರಲು ಹಾಕಿದ ಬುಟ್ಟಿಗಳಂತೆ ಕಾಣುವ ಕಲ್ಲಿನ ಗೋರಿಗಳಿವೆ. ಇಡೀ ಪ್ರದೇಶದಲ್ಲಿ ಇವುಗಳ ಸಂಖ್ಯೆ 500ಕ್ಕೂ ಮಿಕ್ಕಿದೆ. ಕಟ್ಟಿದ ಕಾಲ ಕ್ರಿ.ಪೂ. 3200ರ ಆಸುಪಾಸಿನಿಂದ, ಅಂದರೆ ಈಜಿಪ್ಟಿನ ದೊಡ್ಡ ಪಿರಮಿಡ್ಡಿಗೂ ಹಿಂದಿನಿಂದ. ಒಂದೊಂದರಲ್ಲೂ ಒಂದೇ ಕೋಣೆ, ಅದರಲ್ಲಿ ಕೆಲವೇ ಮಂದಿಯ ಸಮಾಧಿ.

ಇವು ಹೊರಜಗತ್ತಿಗೆ ತಿಳಿದ ಕಥೆ ಸ್ವಾರಸ್ಯವಾಗಿದೆ. 1959ರಲ್ಲಿ ಪಿ.ವಿ. ಗ್ಲಾಬ್ ಮತ್ತು ಜೆಫ್ರಿ ಬಿಬಿ ಅವರ ಡೆನ್ಮಾರ್ಕ್ ತಂಡ ಅಬುಧಾಬಿಯ ಉಮ್ಮ್ ಅನ್ ನಾರ್ ದ್ವೀಪದಲ್ಲಿ ಉತ್ಖನನ ನಡೆಸಿತ್ತು. ಆಗ ಅಲ್ ಐನ್ ಪ್ರಾಂತದ ಆಡಳಿತ ನೋಡಿಕೊಳ್ಳುತ್ತಿದ್ದ ಶೇಖ್ ಜಾಯೆದ್ ಅವರು ಅದನ್ನು ನೋಡಿ, ಇಂಥ ಕಲ್ಲುಗುಡ್ಡೆಗಳು ತಮ್ಮ ಕಡೆಯೂ ಇವೆ ಎಂದು ತಂಡವನ್ನು ಕರೆದರು. ಹಫೀತ್‌ನ ಗೋರಿಗಳಲ್ಲಿ ತಾಮ್ರದ ವಸ್ತುಗಳ ಜೊತೆಗೆ, ದಕ್ಷಿಣ ಇರಾಕಿನ ಜೆಮ್ದೆತ್ ನಸ್ರ್ ಶೈಲಿಯ ಮಡಕೆಗಳೂ ಸಿಕ್ಕವು. ತಾಮ್ರ ಹಜರ್ ಪರ್ವತಗಳದ್ದು, ಮಡಕೆ ದೂರದೂರಿನದು. ಎಣ್ಣೆ ಸಿಗುವುದಕ್ಕೆ ಐದು ಸಾವಿರ ವರ್ಷ ಮೊದಲೇ ಈ ನೆಲ ವ್ಯಾಪಾರದ ಕೂಡುದಾರಿಯಾಗಿತ್ತು. ಮುಂದಿನ ಉಮ್ಮ್ ಅನ್ ನಾರ್ ಕಾಲದ ಗೋರಿಗಳಲ್ಲಿ ಸಿಂಧೂ ಕಣಿವೆಯ ಕೆಂಪು ಕಾರ್ನೀಲಿಯನ್ ಮಣಿಗಳೂ ದೊರೆತಿವೆ. ಭಾರತದಿಂದ ಇಲ್ಲಿಗೆ ಬಂದವರಲ್ಲಿ ನಾವೇ ಮೊದಲಿಗರೆಂದು ಯಾರೂ ಬೀಗಬೇಕಾಗಿಲ್ಲ! 2011ರಲ್ಲಿ ಹಫೀತ್, ಹೀಲಿ, ಬಿದಾ ಬಿಂತ್ ಸೌದ್ ಮತ್ತು ಅಲ್ ಐನ್ ಓಯಸಿಸ್‌ಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ದೇಶಕ್ಕೆ ಅದೇ ಮೊದಲನೆಯದು.

ಕರ್ನಾಟಕದಲ್ಲಿಯೂ ಇಂಥ ತಾಣವಿದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ, ಕಬ್ಬಿಣ ಯುಗದ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ರಜೆಗೆ ಹೋದಾಗ ಹಂಪಿ ನೋಡುವವರು ಇನ್ನೊಂದು ದಿನ ಮೀಸಲಿಟ್ಟು ಇದನ್ನೂ ಮಕ್ಕಳಿಗೆ ತೋರಿಸಬಹುದು.

ಮೂಳೆ ಹೇಳುವ ಮಾತು

ಹಫೀತ್‌ನ ಗೋರಿಗಳಲ್ಲಿ ಬಹಳಷ್ಟನ್ನು ಪ್ರಾಚೀನ ಕಾಲದಲ್ಲೇ ಕಳ್ಳರು ದೋಚಿದ್ದರು. ಅವರು ಒಯ್ದ ಮಣಿ, ತಾಮ್ರಕ್ಕಿಂತ ದೊಡ್ಡ ನಷ್ಟ ಯಾವ ವಸ್ತು ಎಲ್ಲಿತ್ತು, ಹೇಗಿತ್ತು ಎಂಬ ಮಾಹಿತಿಯದು.

ವೈದ್ಯನಾದ ನನಗೆ ಇದನ್ನು ಮನವರಿಕೆ ಮಾಡಿಸುವ ಒಂದು ಉದಾಹರಣೆ ಟೆಲ್ ಅಬ್ರಕ್‌ನದು. ಶಾರ್ಜಾ ಮತ್ತು ಉಮ್ಮ್ ಅಲ್ ಕುವೈನ್ ಗಡಿಯ ಈ ದಿಬ್ಬದಲ್ಲಿ ಡಾನ್ ಪಾಟ್ಸ್ ಅವರ ತಂಡ 1989ರಿಂದ ಅಗೆಯಿತು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಆ ಗೋರಿಯಲ್ಲಿ ನೂರಾರು ಮಂದಿಯ ಮೂಳೆಗಳು ಕಲಸಿಹೋಗಿದ್ದವು. ಅವುಗಳ ನಡುವೆ, ಇಪ್ಪತ್ತರ ಆಸುಪಾಸಿನ ಒಬ್ಬ ತರುಣಿಯ ಮೂಳೆಗಳು ಮಾತ್ರ ಸ್ಥಾನ ತಪ್ಪದೆ ಉಳಿದಿದ್ದವು. ಅವುಗಳನ್ನು ಪರೀಕ್ಷಿಸಿದವರು ಆಕೆಗೆ ಪೋಲಿಯೋ ತಗುಲಿ ನಡೆದಾಟ ಕಷ್ಟವಾಗಿದ್ದಿರಬೇಕೆಂದು ಅಭಿಪ್ರಾಯಪಟ್ಟರು. ಯೋಚಿಸಿ: ಲಸಿಕೆಯಿಲ್ಲ, ಕ್ಯಾಲಿಪರ್ ಇಲ್ಲ, ಗಾಲಿಕುರ್ಚಿ ಇಲ್ಲ. ಆದರೂ ಆ ಹುಡುಗಿ ಪ್ರಾಯಕ್ಕೆ ಬರುವವರೆಗೂ ಬದುಕಿದ್ದಳು. ಅಂದರೆ ಯಾರೋ ಆಕೆಯನ್ನು ಎತ್ತಿಕೊಂಡಿದ್ದಾರೆ, ಉಣಿಸಿದ್ದಾರೆ, ನೋಡಿಕೊಂಡಿದ್ದಾರೆ. ಕುತೂಹಲಕ್ಕೆಂದು ಯಾರಾದರೂ ನಾಲ್ಕು ಮೂಳೆ ಸರಿಸಿದ್ದರೂ ಆ ಆರೈಕೆಯ ಕಥೆ ನಮಗೆ ತಲುಪುತ್ತಿರಲಿಲ್ಲ.

ಹಾಗಾದರೆ ಆಟ ಬೇಡವೇ?

ಖಂಡಿತ ಬೇಕು. ಆದರೆ ಗೋರಿಗಳ ಬಳಿ ಡಬ್ಬಿ ಬೇಡ. ಡಬ್ಬಿ ಹುಡುಕುವ ಮಗು ಕಲ್ಲು ಸರಿಸುತ್ತದೆ; ಇಪ್ಪತ್ತು ಮಕ್ಕಳು ಸರಿಸಿದರೆ ಗೋಡೆ ಉಳಿಯುವುದಿಲ್ಲ. ಆಟದ ನಿಯಮವೇ ನೆಲ ಅಗೆಯಬಾರದು, ಜಾಗದ ಒಡೆಯರ ಅನುಮತಿಯಿಲ್ಲದೆ ಏನನ್ನೂ ಇಡಬಾರದು ಎನ್ನುತ್ತದೆ. ಜೊತೆಗೆ ಕಲ್ಲಿನ ಸಂದುಗಳಲ್ಲಿ ಮಂಡಲ ಜಾತಿಯ ಹಾವು, ಚೇಳು ಇರಬಹುದು. ನಮ್ಮ ಹಿರಿಯರು ಹೇಳಿದ ಸರ್ಪಕಾವಲು ಇಲ್ಲಿ ಕಟ್ಟುಕಥೆಯಲ್ಲ!

ಡಬ್ಬಿಯೇ ಇಲ್ಲದ ಆಟವೂ ಇದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ ಅರ್ಥ್‌ಕ್ಯಾಷ್ ಎಂಬ ಬಗೆ ಆರಂಭವಾಯಿತು. ಅಲ್ಲಿ ನಿಧಿ ಎಂದರೆ ಆ ಜಾಗವೇ. ಅಲ್ಲಿಗೆ ಹೋಗಿ, ನೋಡಿ, ಪ್ರಶ್ನೆಗಳಿಗೆ ಉತ್ತರ ಬರೆದರೆ ಗೆದ್ದಂತೆ. ನಾವೂ ಹಾಗೆಯೇ ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆ ಮಾಡೋಣ. ಈ ಗೋರಿಯ ಬಾಗಿಲು ಯಾವ ದಿಕ್ಕಿಗಿದೆ? ಗೋಡೆಯ ಕಲ್ಲುಗಳನ್ನು ಗಾರೆಯಿಂದ ಕೂಡಿಸಿದ್ದಾರೆಯೇ? ಬಂಡೆಯಲ್ಲಿ ಚಿಪ್ಪಿನ ಅಚ್ಚು ಎಲ್ಲಿದೆ? ಮಕ್ಕಳು ದಾರಿ ಬಿಟ್ಟಿಳಿಯದೆ, ಏನನ್ನೂ ಮುಟ್ಟದೆ, ನೋಡಿ ಬರೆಯಲಿ. ಡಬ್ಬಿ ಅಡಗಿಸುವ ಆಸೆಯಿದ್ದವರು ಊಟದ ಚಾಪೆಯ ಸುತ್ತಮುತ್ತ ಚಕ್ಕುಲಿ ಡಬ್ಬಿ ಅಡಗಿಸಬಹುದು.

ಕೊನೆಗೊಂದು ವೈದ್ಯಕೀಯ ಸೂಚನೆ: ಬೆಳಿಗ್ಗೆ ಬೇಗ ಹೊರಡಿ, ಟೋಪಿ, ಮುಚ್ಚಿದ ಬೂಟು ಇರಲಿ, ಬಾಯಾರುವ ಮೊದಲೇ ಮಕ್ಕಳಿಗೆ ನೀರು ಕುಡಿಸಿ. ತೆಗೆದುಕೊಂಡು ಹೋದ ಕಸವನ್ನೆಲ್ಲ ವಾಪಸು ತನ್ನಿ. ಬೆಟ್ಟದ ಕಲ್ಲನ್ನು ಮಾತ್ರ, ಒಂದು ಹರಳಾದರೂ, ತರಬೇಡಿ.